ತಿಜೋರಿ ಸಂಖ್ಯಾಬೀಗದ ದುರಸ್ತಿ

ತಿಜೋರಿ ಸಂಖ್ಯಾಬೀಗದ ದುರಸ್ತಿ ಎಂದರೆ ಹಳೆಯ ತಿಜೋರಿಯ ಅಥವಾ ಮನೆಯ ಭದ್ರಕೋಣೆಯ ಬಾಗಿಲಿಗೆ ಅಳವಡಿಸಿರುವ ಯಾಂತ್ರಿಕ ಸಂಖ್ಯಾಬೀಗವನ್ನು ಬಿಚ್ಚಿ, ಶುಚಿಗೊಳಿಸಿ, ಸವೆದ ಭಾಗಗಳನ್ನು ಸರಿಪಡಿಸಿ, ಮತ್ತೆ ನಂಬಿಕೆಯಿಂದ ಬಳಸಬಹುದಾದ ಸ್ಥಿತಿಗೆ ತರುವ ಕೆಲಸ. ಕೀಲಿಕೈಯ ಬದಲು ಗೊತ್ತುಪಡಿಸಿದ ಅಂಕಿಗಳ ಸರಣಿಯಿಂದ ತೆರೆದುಕೊಳ್ಳುವ ಈ ಬೀಗವನ್ನು ಆಡುಮಾತಿನಲ್ಲಿ ‘ನಂಬರ್ ಲಾಕ್’ ಅಥವಾ ‘ಕಾಂಬಿನೇಷನ್ ಲಾಕ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಇಂತಹ ಅನೇಕ ಬೀಗಗಳು ಹಳೆಯ ಮನೆ, ಅಂಗಡಿ ಮತ್ತು ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಇವುಗಳಲ್ಲಿ ವಿದ್ಯುತ್ತಿನ ಅಥವಾ ಬ್ಯಾಟರಿಯ ಭಾಗಗಳಿಲ್ಲ. ಸರಿಯಾಗಿ ನೋಡಿಕೊಂಡರೆ ನೂರು ವರ್ಷ ಕಳೆದ ಬೀಗವೂ ಕೆಲಸ ಮಾಡುತ್ತದೆ. ದುರಸ್ತಿಯಲ್ಲಿ ತಪ್ಪಾದರೆ ಮಾತ್ರ ಬಾಗಿಲು ಮುಚ್ಚಿದ ಮೇಲೆ ತೆರೆಯದೆ ಉಳಿದು, ಉಕ್ಕಿನ ಫಲಕವನ್ನು ಕೊರೆಯುವುದೊಂದೇ ದಾರಿಯಾಗಬಹುದು.

ಇತಿಹಾಸ

ಕೀಲಿಕೈ ಇಲ್ಲದ ಬೀಗದ ಕಲ್ಪನೆ ಹಳೆಯದು. ಅಲ್-ಜಜರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಪೂರ್ಣಗೊಳಿಸಿದ ಯಂತ್ರಗಳ ಗ್ರಂಥದಲ್ಲಿ ಪೆಟ್ಟಿಗೆಯೊಂದಕ್ಕೆ ಅಳವಡಿಸುವ, ನಾಲ್ಕು ಬಿಲ್ಲೆಗಳ ಅಕ್ಷರಬೀಗದ ವಿವರಣೆಯಿದೆ. ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಜೆರೊಲಾಮೊ ಕಾರ್ಡಾನೊ ಸಹ ಇಂತಹ ಬೀಗವನ್ನು ವರ್ಣಿಸಿದ್ದಾನೆ.

ತಿಜೋರಿಗಳಲ್ಲಿ ಸಂಖ್ಯಾಬೀಗ ವ್ಯಾಪಕವಾಗಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1851ರ ಲಂಡನ್ ಮಹಾಪ್ರದರ್ಶನದ ಸಂದರ್ಭದಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಅಂದು ಅಭೇದ್ಯವೆಂದು ಹೆಸರಾಗಿದ್ದ ಚಬ್ ಮತ್ತು ಬ್ರಾಮಾ ಬೀಗಗಳನ್ನು ಕೀಲಿಕೈ ಇಲ್ಲದೆ ತೆರೆದು ತೋರಿಸಿದನು. ಕೀಲಿರಂಧ್ರವುಳ್ಳ ಬೀಗಗಳಿಗೆ ಇನ್ನೊಂದು ದೌರ್ಬಲ್ಯವೂ ಇತ್ತು: ರಂಧ್ರದೊಳಗೆ ಸಿಡಿಮದ್ದು ತುಂಬಿ ಬೀಗವನ್ನೇ ಸಿಡಿಸಬಹುದಾಗಿತ್ತು. ಸಂಖ್ಯಾಬೀಗದಲ್ಲಿ ಅಂತಹ ತೆರೆದ ರಂಧ್ರವಿರಲಿಲ್ಲ.

ಅಮೆರಿಕದ ಜೇಮ್ಸ್ ಸಾರ್ಜೆಂಟ್ 1857ರಲ್ಲಿ ಸಂಖ್ಯೆಯನ್ನು ಬದಲಾಯಿಸಬಹುದಾದ ಬೀಗವನ್ನು ರೂಪಿಸಿದನು. ಮುಂದೆ ಹಾಲ್ಬರ್ಟ್ ಗ್ರೀನ್‌ಲೀಫ್ ಜೊತೆಗೂಡಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ‘ಸಾರ್ಜೆಂಟ್ ಅಂಡ್ ಗ್ರೀನ್‌ಲೀಫ್’ ಸಂಸ್ಥೆಯನ್ನು ಕಟ್ಟಿದನು. ಪಿನ್ ಟಂಬ್ಲರ್ ಬೀಗದಿಂದ ಹೆಸರಾದ ಲೈನಸ್ ಯೇಲ್ ಜೂನಿಯರ್ ಕೂಡ ಬ್ಯಾಂಕುಗಳಿಗಾಗಿ ಸಂಖ್ಯಾಬೀಗಗಳನ್ನು ವಿನ್ಯಾಸಗೊಳಿಸಿದನು. ಸಂಖ್ಯೆ ತಿಳಿದ ಬ್ಯಾಂಕ್ ಅಧಿಕಾರಿಯನ್ನೇ ಬೆದರಿಸಿ ಬಾಗಿಲು ತೆರೆಸುವ ದರೋಡೆಗಳನ್ನು ತಡೆಯಲು, ನಿಗದಿತ ಸಮಯಕ್ಕೆ ಮೊದಲು ತೆರೆಯದಂತೆ ಮಾಡುವ ಕಾಲಬೀಗಕ್ಕೆ ಸಾರ್ಜೆಂಟ್ 1873ರಲ್ಲಿ ಪೇಟೆಂಟ್ ಪಡೆದನು. ಅದು 1874ರಲ್ಲಿ ಇಲಿನಾಯ್ ರಾಜ್ಯದ ಮಾರಿಸನ್ ಎಂಬಲ್ಲಿನ ಬ್ಯಾಂಕಿನಲ್ಲಿ ಅಳವಡಿಕೆಯಾಯಿತು.

1871ರ ಶಿಕಾಗೊ ಮಹಾಅಗ್ನಿದುರಂತದ ಬಳಿಕ ಬೆಂಕಿಗೆ ಜಗ್ಗದ ತಿಜೋರಿಗಳಿಗೆ ಬೇಡಿಕೆ ಹೆಚ್ಚಿತು. ಓಹಾಯೊ ರಾಜ್ಯದ ಡೀಬೋಲ್ಡ್, ಮೋಸ್ಲರ್ ಮತ್ತು ಹೆರಿಂಗ್-ಹಾಲ್-ಮಾರ್ವಿನ್ ಸಂಸ್ಥೆಗಳು ಈ ಉದ್ಯಮದ ಪ್ರಮುಖ ಹೆಸರುಗಳಾದವು. ಇವುಗಳ ಬಾಗಿಲುಗಳು ಬ್ಯಾಂಕುಗಳಿಗಷ್ಟೇ ಅಲ್ಲದೆ, ಬೆಳ್ಳಿ ಸಾಮಾನು ಮತ್ತು ದಸ್ತಾವೇಜುಗಳನ್ನು ಇಡಲು ದೊಡ್ಡ ಮನೆಗಳಲ್ಲಿ ಕಟ್ಟಿಸುತ್ತಿದ್ದ ಇಟ್ಟಿಗೆ ಗೋಡೆಯ ಭದ್ರಕೋಣೆಗಳಿಗೂ ಬಳಕೆಯಾದವು.

ರಚನೆ

ಬಾಗಿಲಿನ ಹೊರಗೆ ಕಾಣುವುದು ಡಯಲ್ ಮತ್ತು ಅದರ ಸುತ್ತಲಿನ ಬಳೆ ಮಾತ್ರ. ಡಯಲ್‌ನ ಅಂಚಿನಲ್ಲಿ ಸಾಮಾನ್ಯವಾಗಿ 0ರಿಂದ 99ರವರೆಗೆ 100 ಗೆರೆಗಳಿರುತ್ತವೆ. ಬಳೆಯ ಮೇಲ್ಭಾಗದಲ್ಲಿ ತೆರೆಯುವ ಗುರುತು ಇರುತ್ತದೆ. ಹಲವು ಮಾದರಿಗಳಲ್ಲಿ ಅದರ ಎಡಕ್ಕೆ, ಸಂಖ್ಯೆಯನ್ನು ಬದಲಾಯಿಸುವಾಗ ಮಾತ್ರ ಬಳಸುವ ಎರಡನೆಯ ಗುರುತೂ ಇರುತ್ತದೆ. ಬಾಗಿಲಿನ ಒಳಬದಿಯಲ್ಲಿರುವ ಬೀಗದ ಪೆಟ್ಟಿಗೆಯ ಮುಖ್ಯ ಭಾಗಗಳು ಹೀಗಿವೆ:

ಅಚ್ಚು: ಡಯಲ್‌ಗೆ ಸೇರಿದ, ಬಾಗಿಲಿನ ದಪ್ಪವನ್ನು ಹಾದು ಒಳಬರುವ ಕಂಬಿ. ಇದರ ತುದಿಯಲ್ಲಿ ತಿರುಪಿನ ಸುತ್ತುಗಳಿರುತ್ತವೆ.

ಚಾಲಕ ಬಿಲ್ಲೆ: ಅಚ್ಚಿನ ತುದಿಗೆ ತಿರುಪಿ ಕೂರಿಸಿದ ಬಿಲ್ಲೆ. ಅಚ್ಚು ಮತ್ತು ಚಾಲಕ ಬಿಲ್ಲೆ ಒಂದಕ್ಕೊಂದು ಜಾರದಂತೆ ಅವುಗಳ ನಡುವೆ ಸಣ್ಣದೊಂದು ಲೋಹದ ಬೆಣೆಯನ್ನು ಹೊಡೆದಿರುತ್ತಾರೆ.

ಸಂಖ್ಯಾಬಿಲ್ಲೆಗಳು: ಸಾಮಾನ್ಯವಾಗಿ ಮೂರು, ಕೆಲವು ಬೀಗಗಳಲ್ಲಿ ನಾಲ್ಕು. ಪ್ರತಿಯೊಂದು ಬಿಲ್ಲೆಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಹಳೆಯ ಬೀಗಗಳಲ್ಲಿ ಇವು ಹಿತ್ತಾಳೆಯವು.

ತಡೆಬಳೆಗಳು: ಬಿಲ್ಲೆಗಳ ನಡುವೆ ಇರುವ, ತಾವು ತಿರುಗದ ತೆಳು ಬಳೆಗಳು. ಒಂದು ಬಿಲ್ಲೆ ತಿರುಗುವಾಗ ಘರ್ಷಣೆಯಿಂದ ಪಕ್ಕದ್ದನ್ನು ಎಳೆಯದಂತೆ ಇವು ತಡೆಯುತ್ತವೆ.

ಸನ್ನೆ ಮತ್ತು ಅಡ್ಡಪಟ್ಟಿ: ಅಗುಳಿಗೆ ಜೋಡಿಸಿದ ಸನ್ನೆಯ ಪಕ್ಕದಲ್ಲಿ, ಎಲ್ಲ ಬಿಲ್ಲೆಗಳ ಮೇಲೆ ಅಡ್ಡಲಾಗಿ ಹಾಯುವ ಪಟ್ಟಿ ಇರುತ್ತದೆ. ಇದನ್ನು ‘ಫೆನ್ಸ್’ ಎನ್ನುತ್ತಾರೆ.

ಅಗುಳಿ: ಬೀಗದ ಪೆಟ್ಟಿಗೆಯಿಂದ ಹೊರಚಾಚುವ ಲೋಹದ ತುಂಡು. ಭದ್ರಕೋಣೆಯ ಬಾಗಿಲನ್ನು ನೇರವಾಗಿ ಹಿಡಿದಿಡುವುದು ಇದಲ್ಲ. ಹಿಡಿಕೆಯಿಂದ ಚಲಿಸುವ ದಪ್ಪ ಉಕ್ಕಿನ ಸರಳುಗಳು ಹಿಂದಕ್ಕೆ ಸರಿಯದಂತೆ ಈ ಚಿಕ್ಕ ಅಗುಳಿ ಅಡ್ಡ ನಿಲ್ಲುತ್ತದೆ.

ಮರುಬೀಗ: ಬೀಗದ ಮೇಲೆ ಹೊಡೆತ ಬಿದ್ದು ಹಿಂಬದಿಯ ಮುಚ್ಚಳ ಕಿತ್ತುಬಂದರೆ ತಾನಾಗಿ ಎರಗಿ ಸರಳುಗಳನ್ನು ಮತ್ತೆ ತಡೆಯುವ ವ್ಯವಸ್ಥೆ.

ಕಾರ್ಯವಿಧಾನ

ಪ್ರತಿ ಬಿಲ್ಲೆಯಲ್ಲೂ ಪಕ್ಕದ ಬಿಲ್ಲೆಗೆ ತಾಗುವ ಮೊಳೆ ಅಥವಾ ನಾಲಗೆ ಇರುತ್ತದೆ. ಡಯಲ್ ಒಂದು ಸುತ್ತು ಬರುವಷ್ಟರಲ್ಲಿ ಚಾಲಕ ಬಿಲ್ಲೆ ತನಗೆ ಹತ್ತಿರದ ಸಂಖ್ಯಾಬಿಲ್ಲೆಯನ್ನು ಹಿಡಿದು ತಿರುಗಿಸುತ್ತದೆ. ಅದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಹಿಡಿಯುತ್ತದೆ. ಹೀಗಾಗಿ ಮೂರು ಬಿಲ್ಲೆಗಳ ಬೀಗದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಕ್ರಮ ಹೀಗಿದೆ: ಎಡಕ್ಕೆ ತಿರುಗಿಸುತ್ತ ಮೊದಲ ಅಂಕಿ ನಾಲ್ಕನೆಯ ಬಾರಿ ಗುರುತಿಗೆ ಬಂದಾಗ ನಿಲ್ಲಿಸುವುದು, ಬಲಕ್ಕೆ ತಿರುಗಿಸಿ ಎರಡನೆಯ ಅಂಕಿ ಮೂರನೆಯ ಬಾರಿ ಬಂದಾಗ ನಿಲ್ಲಿಸುವುದು, ಮತ್ತೆ ಎಡಕ್ಕೆ ತಿರುಗಿಸಿ ಮೂರನೆಯ ಅಂಕಿ ಎರಡನೆಯ ಬಾರಿ ಬಂದಾಗ ನಿಲ್ಲಿಸುವುದು, ಕೊನೆಗೆ ಡಯಲ್ ತಾನೇ ನಿಲ್ಲುವವರೆಗೆ ಬಲಕ್ಕೆ ತಿರುಗಿಸುವುದು. ಮೊದಲ ಅಂಕಿ ಅತಿ ದೂರದ ಬಿಲ್ಲೆಯನ್ನು, ಮೂರನೆಯದು ಅತಿ ಹತ್ತಿರದ ಬಿಲ್ಲೆಯನ್ನು ಅದರ ಸ್ಥಾನಕ್ಕೆ ತರುತ್ತದೆ. ಎಲ್ಲ ತಯಾರಕರ ಕ್ರಮವೂ ಒಂದೇ ಅಲ್ಲ. ಕೆಲವು ಬೀಗಗಳು ಬಲಕ್ಕೆ ತಿರುಗಿಸುವುದರಿಂದ ಆರಂಭವಾಗುತ್ತವೆ.

ಸಂಖ್ಯೆ ಸರಿಯಾಗಿದ್ದರೆ ಮೂರು ಕಚ್ಚುಗಳೂ ಒಂದೇ ಸಾಲಿನಲ್ಲಿ ಅಡ್ಡಪಟ್ಟಿಯ ಕೆಳಗೆ ಬಂದಿರುತ್ತವೆ. ಅಲ್ಲಿಯವರೆಗೆ ಸನ್ನೆಯ ಮೂತಿ ಚಾಲಕ ಬಿಲ್ಲೆಯ ಅಂಚಿನ ಮೇಲೆ ಆತುಕೊಂಡು ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಕೊನೆಯ ತಿರುವಿನಲ್ಲಿ ಚಾಲಕ ಬಿಲ್ಲೆಯ ಕಚ್ಚು ಮೂತಿಯ ಕೆಳಗೆ ಬಂದೊಡನೆ ಸನ್ನೆ ಕೆಳಗಿಳಿಯುತ್ತದೆ, ಪಟ್ಟಿ ಮೂರೂ ಕಚ್ಚುಗಳಲ್ಲಿ ಕೂರುತ್ತದೆ, ಡಯಲ್‌ನ ಮುಂದಿನ ಚಲನೆ ಸನ್ನೆಯ ಮೂಲಕ ಅಗುಳಿಯನ್ನು ಒಳಕ್ಕೆ ಎಳೆಯುತ್ತದೆ. ಒಂದು ಬಿಲ್ಲೆ ತಪ್ಪು ಸ್ಥಾನದಲ್ಲಿದ್ದರೂ ಪಟ್ಟಿ ಅದರ ಅಂಚಿಗೆ ತಾಗಿ ನಿಲ್ಲುತ್ತದೆ, ಸನ್ನೆ ಇಳಿಯುವುದಿಲ್ಲ.

ಸಂಯೋಜನೆಗಳ ಸಂಖ್ಯೆ

ಲೆಕ್ಕದ ಪ್ರಕಾರ 100 ಗೆರೆಗಳ, ಮೂರು ಬಿಲ್ಲೆಗಳ ಬೀಗಕ್ಕೆ 10 ಲಕ್ಷ ಸಂಯೋಜನೆಗಳಿವೆ. ನಾಲ್ಕು ಬಿಲ್ಲೆಗಳಿದ್ದರೆ 10 ಕೋಟಿ. ಆದರೆ ಕಚ್ಚು ಅಡ್ಡಪಟ್ಟಿಗಿಂತ ಸ್ವಲ್ಪ ಅಗಲವಾಗಿರುವುದರಿಂದ ಅಕ್ಕಪಕ್ಕದ ಅಂಕಿಗೂ ಬೀಗ ತೆರೆಯಬಹುದು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಬೀಗಗಳನ್ನು ಪರೀಕ್ಷಿಸಿ, ಅಂಕಿ ಎರಡು ಗೆರೆಗಳಷ್ಟು ಹಿಂದುಮುಂದಾದರೂ ಅವು ತೆರೆಯುವುದನ್ನು ಕಂಡುಕೊಂಡರು. ಅಂದರೆ ಪ್ರತಿ ಐದಕ್ಕೊಂದು ಅಂಕಿಯನ್ನು ಪ್ರಯತ್ನಿಸಿದರೆ ಸಾಕಾಗಿ, 10 ಲಕ್ಷ ಸಾಧ್ಯತೆಗಳು 20×20×20, ಅಂದರೆ 8,000ಕ್ಕೆ ಇಳಿಯುತ್ತವೆ. ಸಂಖ್ಯೆಗಳಲ್ಲಿ ಒಂದು ಮೊದಲೇ ಗೊತ್ತಾದರೆ ಉಳಿಯುವುದು 400 ಮಾತ್ರ. ಹುಟ್ಟಿದ ದಿನಾಂಕ, ಪ್ರಸಿದ್ಧ ಗಣಿತ ಸ್ಥಿರಾಂಕ ಮತ್ತು ಕಾರ್ಖಾನೆಯಿಂದ ಬಂದ ಸಂಖ್ಯೆಯನ್ನೇ ಹಾಗೆಯೇ ಉಳಿಸಿಕೊಳ್ಳುವ ಅಭ್ಯಾಸ ಬೀಗವನ್ನು ಇನ್ನಷ್ಟು ದುರ್ಬಲಗೊಳಿಸುತ್ತವೆ ಎಂಬುದನ್ನೂ ಅವರು ತೋರಿಸಿದರು. ಹಳೆಯ ಬೀಗದಲ್ಲಿ ಕಚ್ಚಿನ ಅಂಚುಗಳು ಸವೆದಷ್ಟೂ ಈ ಸಡಿಲತೆ ಹೆಚ್ಚುತ್ತದೆ. ದುರಸ್ತಿಯಲ್ಲಿ ಕಚ್ಚುಗಳಿಗೆ ಅರ ಹಾಕಬಾರದೆಂಬ ನಿಯಮಕ್ಕೆ ಇದೇ ಕಾರಣ.

ಸಾಮಾನ್ಯ ದೋಷಗಳು

ಬೀಗ ಕೆಟ್ಟಿದೆ ಎಂದು ತೋರುವ ಎಲ್ಲ ಸಂದರ್ಭಗಳಲ್ಲೂ ದೋಷ ಬೀಗದ್ದೇ ಆಗಿರುವುದಿಲ್ಲ. ಬಾಗಿಲು ಜೋತುಬಿದ್ದಿದ್ದರೆ ಅಥವಾ ಹಿಡಿಕೆಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದರೆ ಸರಳುಗಳ ಒತ್ತಡ ಅಗುಳಿಯ ಮೇಲೆ ಬಿದ್ದು, ಸಂಖ್ಯೆ ಸರಿಯಿದ್ದರೂ ಅಗುಳಿ ಸರಿಯುವುದಿಲ್ಲ. ಹಿಡಿಕೆಯನ್ನು ಮುಚ್ಚುವ ದಿಕ್ಕಿಗೆ ಒತ್ತಿ ಒತ್ತಡ ತೆಗೆದು ಡಯಲ್ ತಿರುಗಿಸಿದಾಗ ಬೀಗ ತೆರೆದರೆ, ಸರಿಪಡಿಸಬೇಕಾದದ್ದು ಬಾಗಿಲಿನ ತಿರುಗಣಿಗಳನ್ನು ಅಥವಾ ಸರಳುಗಳ ಹೊಂದಾಣಿಕೆಯನ್ನು.

ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ, ಉದಾಹರಣೆಗೆ 30-60-40ರ ಬದಲು 32-62-42ಕ್ಕೆ ತೆರೆಯುತ್ತಿದ್ದರೆ, ಡಯಲ್ ಅಚ್ಚಿನ ಮೇಲೆ ಅಥವಾ ಅಚ್ಚು ಚಾಲಕ ಬಿಲ್ಲೆಯಲ್ಲಿ ಜಾರಿದೆ ಎಂದು ತಿಳಿಯಬೇಕು. ಬೆಣೆ ಸಡಿಲವಾಗಿರುವುದು ಇದರ ಸಾಮಾನ್ಯ ಕಾರಣ. ಒಂದೇ ಅಂಕಿ ಬದಲಾಗಿದ್ದರೆ ಆ ಬಿಲ್ಲೆಯ ಒಳಗುಂಭ ಹೊರಬಳೆಯೊಳಗೆ ಜಾರಿದೆ, ಅಥವಾ ಅದನ್ನು ಹಿಡಿಯುವ ನಾಲಗೆ ಬಾಗಿದೆ. ಡಯಲ್ ಬಿಗಿಯಾಗಿ ತಿರುಗುತ್ತಿದ್ದರೆ ಒಣಗಿದ ಹಳೆಯ ಎಣ್ಣೆ, ಬಾಗಿದ ಅಚ್ಚು ಅಥವಾ ಬಳೆಗೆ ಉಜ್ಜುತ್ತಿರುವ ಡಯಲ್ ಕಾರಣವಾಗಿರಬಹುದು. ಒಮ್ಮೆ ತೆರೆದು ಮತ್ತೊಮ್ಮೆ ತೆರೆಯದ ಬೀಗದಲ್ಲಿ ಸನ್ನೆಯ ಸ್ಪ್ರಿಂಗ್ ದುರ್ಬಲವಾಗಿರುವುದು, ಇಲ್ಲವೇ ಜಿಡ್ಡಿನಿಂದ ಬಿಲ್ಲೆಗಳು ಒಂದನ್ನೊಂದು ಎಳೆಯುತ್ತಿರುವುದು ಕಂಡುಬರುತ್ತದೆ. ಈ ಬಗೆಯ ದೋಷವನ್ನು ಉಪೇಕ್ಷಿಸಿದರೆ ಮುಂದೊಮ್ಮೆ ಬೀಗ ಪೂರ್ತಿಯಾಗಿ ಕೈಕೊಡುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದ ಸತುವಿನ ಎರಕದ ಭಾಗಗಳಲ್ಲಿ ಇನ್ನೊಂದು ದೋಷವಿದೆ. ಸತುವಿನಲ್ಲಿ ಸೀಸದಂತಹ ಕಲ್ಮಶ ಬೆರೆತಿದ್ದರೆ ತೇವಾಂಶದ ಸಂಪರ್ಕದಲ್ಲಿ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕುಬಿಟ್ಟು ಪುಡಿಯಾಗುತ್ತದೆ. ಇಂತಹ ಭಾಗವನ್ನು ಸರಿಪಡಿಸಲಾಗದು, ಬದಲಿಸಬೇಕು.

ದುರಸ್ತಿಯ ಹಂತಗಳು

ಸಿದ್ಧತೆ: ಕೆಲಸದುದ್ದಕ್ಕೂ ಬಾಗಿಲು ತೆರೆದಿರಬೇಕು. ಯಾರೂ ಅದನ್ನು ಮುಚ್ಚದಂತೆ ಮರದ ದಿಮ್ಮಿ ಇಟ್ಟು ತಡೆಯುವುದು ವಾಡಿಕೆ. ಬಿಚ್ಚುವ ಮೊದಲು ಪ್ರತಿ ಹಂತದ ಛಾಯಾಚಿತ್ರ ತೆಗೆದು, ಬಿಲ್ಲೆ ಮತ್ತು ತಡೆಬಳೆಗಳ ಅನುಕ್ರಮವನ್ನೂ ಅವು ಯಾವ ಮುಖ ಮಾಡಿ ಕೂತಿವೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಒಂದೇ ಒಂದು ಬಿಲ್ಲೆ ತಿರುವುಮುರುವಾದರೂ ಹಳೆಯ ಸಂಖ್ಯೆಗೆ ಬೀಗ ತೆರೆಯುವುದಿಲ್ಲ.

ಬಿಚ್ಚುವಿಕೆ: ಮೊದಲು ಬಾಗಿಲಿನ ಒಳಫಲಕವನ್ನು, ಬಳಿಕ ಬೀಗದ ಹಿಂಬದಿಯ ಮುಚ್ಚಳವನ್ನು ತೆಗೆಯುತ್ತಾರೆ. ಮರುಬೀಗ ಮುಚ್ಚಳಕ್ಕೆ ತಾಗಿಕೊಂಡಿದ್ದರೆ ಮುಚ್ಚಳ ತೆಗೆದ ಕೂಡಲೇ ಅದು ಎರಗುವುದರಿಂದ, ಅದರ ಸ್ಥಾನವನ್ನು ಮೊದಲೇ ಗುರುತಿಸಿರಬೇಕು. ಕೆಲವು ಮಾದರಿಗಳಲ್ಲಿ ಸಂಖ್ಯಾಬಿಲ್ಲೆಗಳು ಮುಚ್ಚಳಕ್ಕೇ ಜೋಡಣೆಯಾಗಿದ್ದು ಅದರೊಡನೆಯೇ ಹೊರಬರುತ್ತವೆ. ಇನ್ನು ಕೆಲವುಗಳಲ್ಲಿ ಪೆಟ್ಟಿಗೆಯೊಳಗಿನ ಕೊಳವೆಯ ಮೇಲೆ ಕೂತಿರುತ್ತವೆ. ಬೆಣೆಯನ್ನು ಹೊರತೆಗೆದ ಬಳಿಕ ಡಯಲ್ ಅನ್ನು ತಿರುಪಿ ಬಿಡಿಸಬಹುದು. ಹಳೆಯ ತಿರುಪುಮೊಳೆಗಳ ಸೀಳಿಗೆ ಸರಿಹೊಂದುವ ಸ್ಕ್ರೂಡ್ರೈವರ್ ಬಳಸದಿದ್ದರೆ ಅವುಗಳ ತಲೆ ಹಾಳಾಗುತ್ತದೆ.

ಶುಚಿಗೊಳಿಸುವಿಕೆ: ಒಣಗಿದ ಜಿಡ್ಡನ್ನು ಸೌಮ್ಯ ದ್ರಾವಕ ಮತ್ತು ಮೃದು ಬಟ್ಟೆಯಿಂದ ತೆಗೆಯುತ್ತಾರೆ. ಉಪ್ಪುಕಾಗದ, ತಂತಿಯ ಬ್ರಷ್ ಮತ್ತು ಅರಗಳನ್ನು ಬಿಲ್ಲೆಗಳ ಅಂಚಿಗೆ ತಾಗಿಸುವುದಿಲ್ಲ. ಬೀಗಕ್ಕೆ ಹೊರಗಿನಿಂದ ಎಣ್ಣೆ ಸಿಂಪಡಿಸುವುದು ಬಹುತೇಕ ದೋಷಗಳ ಮೂಲ: ಮೊದಲು ಅದು ಹಗುರವಾಗಿ ತಿರುಗಿಸುತ್ತದೆ, ಕಾಲಾಂತರದಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ಆದ್ದರಿಂದ ಬಿಲ್ಲೆಗಳನ್ನು ಶುಚಿಯಾಗಿ, ಒಣದಾಗಿ ಬಿಟ್ಟು, ಅಗುಳಿ ಜಾರುವ ಜಾಗದಂತಹ ಕೆಲವೇ ಕಡೆ ತೆಳುವಾಗಿ ಗ್ರೀಸ್ ಸವರುವುದು ರೂಢಿ. ಡಯಲ್‌ನ ಕೊರೆದ ಅಂಕಿಗಳು ಮಾಸಿದ್ದರೆ ಕೊರೆತದಲ್ಲಿ ಬಣ್ಣ ತುಂಬಿ, ಮೇಲ್ಮೈಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯುತ್ತಾರೆ.

ಮರುಜೋಡಣೆ: ಅಚ್ಚನ್ನು ಚಾಲಕ ಬಿಲ್ಲೆಯೊಳಗೆ ಪೂರ್ತಿ ತಿರುಪಿ, ಬಳಿಕ ಬೆಣೆಯ ಸೀಳುಗಳು ಎದುರುಬದುರಾಗುವಷ್ಟು ಮಾತ್ರ ಹಿಂದಕ್ಕೆ ತಿರುಗಿಸಿ ಬೆಣೆಯನ್ನು ಕೂರಿಸಬೇಕು. ಬೀಗವನ್ನು ಎಡ, ಬಲ, ಮೇಲೆ ಅಥವಾ ಕೆಳಗೆ ಮುಖ ಮಾಡಿ ಅಳವಡಿಸಬಹುದಾದ ಮಾದರಿಗಳಲ್ಲಿ ಚಾಲಕ ಬಿಲ್ಲೆಗೆ ನಾಲ್ಕು ಸೀಳುಗಳಿರುತ್ತವೆ. ತಪ್ಪು ಸೀಳಿನಲ್ಲಿ ಬೆಣೆ ಹೊಡೆದರೆ ಎಲ್ಲ ಅಂಕಿಗಳೂ ಕಾಲು ಸುತ್ತಿನಷ್ಟು, ಅಂದರೆ 25 ಗೆರೆಗಳಷ್ಟು ಅಥವಾ ಅದರ ಗುಣಕದಷ್ಟು ಸರಿಯುತ್ತವೆ.

ಸಂಖ್ಯೆಯ ಬದಲಾವಣೆ: ಹಳೆಯ ಬೀಗಗಳಲ್ಲಿ ಬಿಲ್ಲೆಗಳನ್ನು ಹೊರತೆಗೆದು, ಒಳಗುಂಭವನ್ನು ಹೊರಬಳೆಯಲ್ಲಿ ಬೇರೆ ಸ್ಥಾನಕ್ಕೆ ಕೂರಿಸಿ ಸಂಖ್ಯೆ ಬದಲಾಯಿಸಬೇಕು. ನಂತರದ ಮಾದರಿಗಳಲ್ಲಿ ಬದಲಾವಣೆಯ ಗುರುತಿನಲ್ಲಿ ಹಳೆಯ ಸಂಖ್ಯೆಯನ್ನು ಕೂಡಿಸಿ, ಹಿಂಬದಿಯ ರಂಧ್ರದಲ್ಲಿ ವಿಶೇಷ ಕೀಲಿ ಹಾಕಿ ತಿರುಗಿಸಿ, ಅದೇ ಗುರುತಿನಲ್ಲಿ ಹೊಸ ಸಂಖ್ಯೆಯನ್ನು ಕೂಡಿಸಿ, ಕೀಲಿಯನ್ನು ಮರಳಿ ತಿರುಗಿಸಿ ತೆಗೆಯುತ್ತಾರೆ. ಕೊನೆಯ ಅಂಕಿಯನ್ನು ತಯಾರಕರು ನಿಷೇಧಿಸಿದ ವಲಯದಲ್ಲಿ ಇಡಬಾರದು. ಸಾರ್ಜೆಂಟ್ ಅಂಡ್ ಗ್ರೀನ್‌ಲೀಫ್‌ನ ಪ್ರಚಲಿತ ಮಾದರಿಗಳಲ್ಲಿ ಈ ವಲಯ 0ರಿಂದ 20. ಅದರೊಳಗಿನ ಅಂಕಿ ಸನ್ನೆ ಇಳಿಯುವ ಜಾಗಕ್ಕೆ ಸಮೀಪವಿರುವುದರಿಂದ ಬೀಗ ತೆರೆಯದೆ ಹೋಗಬಹುದು.

ಪರೀಕ್ಷೆ: ಬಾಗಿಲು ತೆರೆದಿರುವಂತೆಯೇ ಅಗುಳಿಯನ್ನು ಹೊರಹಾಕಿ, ಹೊಸ ಸಂಖ್ಯೆಯಿಂದ ಕನಿಷ್ಠ ಮೂರು ಬಾರಿ ತಪ್ಪಿಲ್ಲದೆ ತೆರೆದ ನಂತರವೇ ಬಾಗಿಲನ್ನು ಮುಚ್ಚಬೇಕು. ಪ್ರತಿ ಅಂಕಿಯನ್ನು ಒಂದೆರಡು ಗೆರೆ ಹಿಂದೆ ಮುಂದೆ ಸರಿಸಿ ನೋಡಿದರೆ ಬೀಗ ತೆರೆಯುವ ವ್ಯಾಪ್ತಿಯ ನಡುಬಿಂದು ತಿಳಿಯುತ್ತದೆ. ಬರೆದಿಡುವ ಸಂಖ್ಯೆ ಆ ನಡುಬಿಂದುವಾಗಿದ್ದರೆ ಮುಂದೆ ತುಸು ಸವೆತವಾದರೂ ತೊಂದರೆಯಾಗುವುದಿಲ್ಲ. ಸಂಖ್ಯೆಯ ದಾಖಲೆಯನ್ನು ತಿಜೋರಿಯ ಹೊರಗೆ, ಸುರಕ್ಷಿತ ಸ್ಥಳದಲ್ಲಿ ಇಡಬೇಕು.

ಸಂಖ್ಯೆ ತಿಳಿಯದ ಬೀಗ

ಹಳೆಯ ಮನೆ ಕೈಬದಲಾದಾಗ ಬಾಗಿಲು ತೆರೆದೇ ಇದ್ದು ಸಂಖ್ಯೆ ಮಾತ್ರ ಮರೆತುಹೋಗಿರುವುದು ಸಾಮಾನ್ಯ. ಆಗ ಮುಚ್ಚಳ ತೆಗೆದು, ಪ್ರತಿ ಬಿಲ್ಲೆಯ ಕಚ್ಚು ಅಡ್ಡಪಟ್ಟಿಯ ಕೆಳಗೆ ಬಂದಾಗ ಡಯಲ್ ತೋರುವ ಅಂಕಿಯನ್ನು ಓದಿಕೊಳ್ಳಬಹುದು. ಮುಚ್ಚಿದ ಬಾಗಿಲಾದರೆ ಅನುಭವಿ ತಿಜೋರಿ ಕುಶಲಕರ್ಮಿಗಳು ಡಯಲ್‌ನ ಸೂಕ್ಷ್ಮ ಸ್ಪರ್ಶಬಿಂದುಗಳನ್ನು ಅಳೆದು ನಕ್ಷೆ ಬರೆದು ಸಂಖ್ಯೆಯನ್ನು ಕಂಡುಹಿಡಿಯುತ್ತಾರೆ. ಈ ವಿಧಾನಕ್ಕೆ ಒಡ್ಡುವ ಪ್ರತಿರೋಧವನ್ನು ಆಧರಿಸಿ ಅಮೆರಿಕದ ಯು.ಎಲ್. 768 ಮಾನಕವು ಬೀಗಗಳನ್ನು ವರ್ಗೀಕರಿಸುತ್ತದೆ. ಅದರ ಮೊದಲ ವರ್ಗದ ಬೀಗಗಳು ತಜ್ಞರ ಪ್ರಯತ್ನವನ್ನು 20 ಗಂಟೆ ತಾಳಿಕೊಳ್ಳಬೇಕು.

ಅಪಾಯಗಳು

ಹಳೆಯ ಅಗ್ನಿನಿರೋಧಕ ಬಾಗಿಲುಗಳ ಒಳತುಂಬುವಿಕೆಯಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಫಲಕವನ್ನು ಕೊರೆಯುವುದು, ಕೆರೆಯುವುದು ಸಲ್ಲದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಕೆಲವು ತಿಜೋರಿಗಳ ಬಾಗಿಲಿನೊಳಗೆ ಕಳ್ಳರನ್ನು ಓಡಿಸಲೆಂದು ಅಶ್ರುವಾಯು ದ್ರವದ ಗಾಜಿನ ಕೊಳವೆಗಳನ್ನು ಇಡುತ್ತಿದ್ದರು. ಇವುಗಳಲ್ಲಿ ಕ್ಲೋರೊಪಿಕ್ರಿನ್ ಎಂಬ ವಿಷಕಾರಿ ರಾಸಾಯನಿಕವಿರುತ್ತದೆ. ಒಳಫಲಕ ತೆಗೆದಾಗ ಲೋಹದ ಹಿಡಿತದಲ್ಲಿರುವ ಗಾಜಿನ ಕೊಳವೆ ಕಂಡರೆ ಮುಟ್ಟದೆ ತಜ್ಞರನ್ನು ಕರೆಸಬೇಕು.

ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಭದ್ರಕೋಣೆಯಲ್ಲಿ ಅತಿ ಗಂಭೀರವಾದ ಅಪಾಯವೆಂದರೆ ಯಾರಾದರೂ, ವಿಶೇಷವಾಗಿ ಮಕ್ಕಳು, ಒಳಗೆ ಸಿಕ್ಕಿಕೊಳ್ಳುವುದು. ಗಾಳಿಯಾಡದ ಕೋಣೆಯಲ್ಲಿ ಇದು ಪ್ರಾಣಕ್ಕೆ ಎರವಾಗುತ್ತದೆ. ಬೀಗವನ್ನು ಮತ್ತೆ ಬಳಕೆಗೆ ತರುವ ಮೊದಲು ಒಳಗಿನಿಂದ ಬಾಗಿಲು ತೆರೆಯುವ ವ್ಯವಸ್ಥೆ ಇದೆಯೇ, ಇದ್ದರೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಕೋಣೆಯನ್ನು ಅಲಂಕಾರಕ್ಕಾಗಿ ಮಾತ್ರ ಉಳಿಸಿಕೊಳ್ಳುವವರು ಸರಳುಗಳು ಹೊರಚಾಚದಂತೆ ಕಾಯಂ ಆಗಿ ತಡೆದಿಡುವುದು ಸುರಕ್ಷಿತ.

ಸಂರಕ್ಷಣೆ

ಹತ್ತೊಂಬತ್ತನೆಯ ಶತಮಾನದ ಅನೇಕ ಬೀಗಗಳ ಪೆಟ್ಟಿಗೆಯ ಮೇಲೆ, ಬಾಗಿಲು ತೆರೆದಾಗ ಮಾತ್ರ ಕಾಣುವ ಸೂಕ್ಷ್ಮ ಅಲಂಕಾರದ ಕೆತ್ತನೆಗಳಿವೆ. ಹೊಳಪಿಗಾಗಿ ಉಜ್ಜಿದರೆ ಇವು ಅಳಿಸಿಹೋಗುತ್ತವೆ. ಹಳೆಯ ಬೀಗವನ್ನು ತೆಗೆದು ಹೊಸ ಯಾಂತ್ರಿಕ ಅಥವಾ ವಿದ್ಯುನ್ಮಾನ ಬೀಗ ಹಾಕಿದರೆ ಬಳಕೆ ಸುಲಭವಾಗುತ್ತದೆಯಾದರೂ, ಅದಕ್ಕಾಗಿ ಬಾಗಿಲಿನಲ್ಲಿ ಹೊಸ ರಂಧ್ರ ಕೊರೆದರೆ ಮೂಲ ಸ್ವರೂಪವನ್ನು ಮರಳಿ ತರಲಾಗದು. ಬೆಲೆಬಾಳುವ ವಸ್ತುಗಳನ್ನು ನಿಜವಾಗಿಯೂ ಕಾಪಾಡಬೇಕಾದಲ್ಲಿ ಹೊಸ ಬೀಗವನ್ನೂ, ಬಾಗಿಲೇ ಪರಂಪರೆಯ ವಸ್ತುವಾಗಿರುವಲ್ಲಿ ಹಳೆಯ ಬೀಗದ ದುರಸ್ತಿಯನ್ನೂ ಆಯ್ದುಕೊಳ್ಳಬಹುದು. ಹೊಸ ಬೀಗ ಹಾಕಿದರೂ ತೆಗೆದ ಭಾಗಗಳನ್ನೆಲ್ಲ ಹೆಸರು ಬರೆದು ಬಾಗಿಲಿನೊಡನೆಯೇ ಉಳಿಸಿಡುವುದು ಒಳ್ಳೆಯ ಪದ್ಧತಿ.

ಭಾರತದಲ್ಲಿ

ಭಾರತದ ಮನೆ ಮತ್ತು ಅಂಗಡಿಗಳ ಹಳೆಯ ತಿಜೋರಿಗಳಲ್ಲಿ ಕೀಲಿಕೈಯ ಬೀಗಗಳೇ ಹೆಚ್ಚು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗಗಳ ತಯಾರಿಕೆ ಆರಂಭಿಸಿ, ಬಳಿಕ ತಿಜೋರಿಗಳ ತಯಾರಿಕೆಗೂ ಕೈಹಾಕಿದರು. ಬ್ಯಾಂಕುಗಳ ಗ್ರಾಹಕ ಲಾಕರ್‌ಗಳು ಸಾಮಾನ್ಯವಾಗಿ ಬ್ಯಾಂಕಿನದೊಂದು, ಗ್ರಾಹಕರದೊಂದು ಎಂಬಂತೆ ಎರಡು ಕೀಲಿಕೈಗಳಿಂದ ತೆರೆಯುತ್ತವೆ. ಇವುಗಳ ಒಳರಚನೆ ಸಂಖ್ಯಾಬೀಗಕ್ಕಿಂತ ಭಿನ್ನವಾದರೂ, ತೆರೆದ ಬಾಗಿಲಿನಲ್ಲೇ ಕೆಲಸ ಮಾಡುವುದು, ಬಿಚ್ಚುವ ಮೊದಲು ದಾಖಲಿಸುವುದು, ಎಣ್ಣೆ ಸುರಿಯದಿರುವುದು ಹಾಗೂ ಮುಚ್ಚುವ ಮೊದಲು ಪರೀಕ್ಷಿಸುವುದು ಎಂಬ ನಿಯಮಗಳು ಇವಕ್ಕೂ ಅನ್ವಯಿಸುತ್ತವೆ.